ವರಮಹಾಲಕ್ಷ್ಮಿಗೆ ಪಿಸ್ತೂಲಿನ ಕಾವಲು

ಶ್ಯಾಂಟಿಲಿಯ ಶೇಷಾದ್ರಿಯವರಷ್ಟು ಸಾಧು ಮನುಷ್ಯ ಇಡೀ ವರ್ಜೀನಿಯಾದಲ್ಲಿ ಇನ್ನೊಬ್ಬರಿಲ್ಲ. ಪಿಸ್ತೂಲು ಕಲಿಯಲು ಹೋದ ಮೊದಲ ದಿನ ಗುರಿಯ ಕಾಗದಕ್ಕೆ ಗುಂಡು ತಗುಲಿದಾಗ ಅದಕ್ಕೆ ‘ಸಾರಿ’ ಹೇಳಿದವರು ಅವರು. ಅಂಥವರ ತಲೆ ಕೆಡಿಸಿದ್ದು ನಮ್ಮ ಕನ್ನಡ ವಾಟ್ಸಾಪ್ ಗುಂಪು. ಒಡವೆ ಕಳ್ಳತನದ ಸುದ್ದಿ ಓದಿ ಓದಿ, ಸಿಟಿಜನ್ ಆದ ವರ್ಷವೇ ಕೋರ್ಟಿನಿಂದ ಪರ್ಮಿಟ್ ತಂದು, ಜುಬ್ಬಾದೊಳಗೆ ಪಿಸ್ತೂಲು ಕಟ್ಟಿಕೊಂಡು ಓಡಾಡತೊಡಗಿದರು. ಯಾರಿಗೂ ಕಾಣಬಾರದೆಂದು ಸದಾ ಸೊಂಟದ ಮೇಲೆ ಕೈ. ಆಂಟಿಯರೆಲ್ಲ ಪಾಪ ಬೆನ್ನುನೋವು ಎಂದುಕೊಂಡು ಮೂರು ಬಾಟಲಿ ಎಣ್ಣೆ ಕೊಟ್ಟರು. ಲ್ಯಾನ್‌ಹ್ಯಾಮಿನ ದೇವಸ್ಥಾನಕ್ಕೆ ಹೋಗುವಾಗ ಮಾತ್ರ ಪಿಸ್ತೂಲು ಮನೆಯಲ್ಲೇ. ನದಿ ದಾಟಿದರೆ ಮೇರಿಲ್ಯಾಂಡ್, ಅಲ್ಲಿ ಈ ಪರ್ಮಿಟ್ ನಡೆಯದು, ದೇವರೇ ಗತಿ.

ಕಳೆದ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಹೆಂಡತಿ ಹರಿಣಿ ಲಾಕರಿನ ಒಡವೆಯನ್ನೆಲ್ಲ ತಂದು ದೇವಿಗೆ ಹಾಕಿದರು. ಅರಿಶಿನ ಕುಂಕುಮಕ್ಕೆ ಬರುವವರಿಗಾಗಿ ಬಾಗಿಲು ತೆರೆದೇ ಇತ್ತು. ಶೇಷಾದ್ರಿ ಕಾವಲಿಗೆ ನಿಂತರು.

“ಇದೇನ್ರೀ, ಸೊಂಟದಲ್ಲಿ ಚರ್ಮದ ಚೀಲ? ಮಡೀಲಿದ್ದೀನಿ ನಾನು. ಆಚೆ ಬಿಚ್ಚಿಟ್ಟು ಬನ್ನಿ!” ಎಂದರು ಹರಿಣಿ.

ಮಡಿಯ ಮುಂದೆ ಯಾವ ಪರ್ಮಿಟ್ಟೂ ನಡೆಯದು. ಪುಣ್ಯಾತ್ಮ ಬೆಲ್ಟು ಬಿಚ್ಚಿಡುವಷ್ಟೇ ಸಲೀಸಾಗಿ ಪಿಸ್ತೂಲನ್ನು ಚೀಲದ ಸಮೇತ ಗರಾಜಿನ ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು ಬಂದರು.

ಸಂಜೆ ನಾಲ್ಕಕ್ಕೆ ಮಾಸ್ಕ್ ಹಾಕಿದ ಅಪರಿಚಿತ ಹೆಂಗಸೊಬ್ಬಳು ದೇವಿಯ ಕಾಸಿನ ಸರಕ್ಕೆ ಕೈ ಹಾಕಿದಳು. ಶೇಷಾದ್ರಿ ಸೊಂಟಕ್ಕೆ ಕೈ ಹಾಕಿದರು. ಪಂಚೆಯ ಗಂಟು ಸಿಕ್ಕಿತು. ಗರಾಜಿಗೆ ಓಡಿದರು. ಅಲ್ಲಿ ನಲವತ್ತು ಜೊತೆ ಚಪ್ಪಲಿ, ಅರ್ಧಕ್ಕರ್ಧ ಮಕ್ಕಳವು. ಪಿಸ್ತೂಲಿಲ್ಲ.

ಕಳ್ಳಿ ಮರೆತೇಹೋದಳು. ಹಿತ್ತಲಿನಿಂದ ಮಕ್ಕಳು “ಹ್ಯಾಂಡ್ಸ್ ಅಪ್!” ಎಂದು ಕಿರುಚುವುದು ಕೇಳಿಸಿತು. ಪಂಚೆ ಎತ್ತಿ ಹಿಡಿದು ಓಡಿ ಒಂದೊಂದು ಮಗುವಿನ ಕೈಯನ್ನೂ ಬಿಡಿಸಿ ನೋಡಿದರು. ಕೋಲು, ಕೋಡುಬಳೆ, ನೀರಿನ ಪಿಚಕಾರಿ. ಯಾವ ಕಳ್ಳನ ಸುದ್ದಿ ಓದಿಯೂ ಅವರು ಇಷ್ಟು ಹೆದರಿರಲಿಲ್ಲ.

ಪಕ್ಕದ ಮನೆಯ ಸಯೀದಾ ಹತ್ತಿರ ಬಂದು ಪಿಸುಗುಟ್ಟಿದಳು: “ಅಂಕಲ್, ಅದು ನನ್ ಕಾರ್ ಟ್ರಂಕಲ್ಲಿದೆ, ಲಾಕ್ ಮಾಡಿದೀನಿ. ಚಪ್ಪಲಿ ಬಿಡೋವಾಗ ನೋಡ್ದೆ. ಹೇಳೋಣ ಅಂತ ಒಳಗೆ ಬರೋಷ್ಟ್ರಲ್ಲಿ ನೀವು ಓಡ್ಬಿಟ್ರಿ.”

“ಒಳಗೆ ಒಬ್ಳು ಸರಕ್ಕೆ ಕೈ ಹಾಕಿದ್ಲಮ್ಮ...”

“ಅದು ಹರಿಣಿ ಆಂಟಿ ಆಫೀಸಿನ ನೀರಜಾ. ನೆಗಡಿ ಅಂತ ಮಾಸ್ಕ್ ಹಾಕಿದಾಳೆ. ಸರ ಜಾರ್ತಿತ್ತು, ಸರಿ ಮಾಡಿದ್ಲು. ಕಳ್ಳೀನೇ ಆಗಿದ್ರೂ ಏನ್ ಹೋಗ್ತಿತ್ತು ಅಂಕಲ್? ಬಂಗಾರ ತಾನೇ?”

ಶೇಷಾದ್ರಿ ಹುಲ್ಲಿನ ಮೇಲೆ ಕುಸಿದು ಕುಳಿತು ಅತ್ತೇಬಿಟ್ಟರು. ಸಯೀದಾ ಕಾರಿನ ಕೀ ಚಾಚಿದಳು.

“ನನ್ ಕೈಗೆ ಬೇಡಮ್ಮ. ಪೊಲೀಸ್ ಸ್ಟೇಷನ್‌ಗೆ ಡ್ರೈವ್ ಮಾಡ್ತೀಯಾ? ಕೊಟ್ಟು ಬಂದ್ಬಿಡೋಣ.”

ಹಾಗೆಂದವರು ಪಂಚೆ ಸರಿಪಡಿಸಿಕೊಂಡು, ಬರಿಗಾಲಲ್ಲೇ ಕಾರು ಹತ್ತಿದರು.