ಕೇಸರಿ ಇದ್ದಲ್ಲಿ ಹಸಿರು

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಬ್ಯಾಡಗಿಯ ನಮ್ಮ ಮನೆಯಲ್ಲಿ ಎರಡು ಕಂಪ್ಯೂಟರ್ ಇದ್ದವು. ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿರಲಿಲ್ಲ. ಮಾಳಿಗೆಯ ಮೇಲಿನದರಲ್ಲಿ ನಾನು ಲಗ್ನಪತ್ರಿಕೆ ಜೋಡಿಸುತ್ತಿದ್ದೆ. ಪ್ರಿಂಟರ್ ಇದ್ದದ್ದು ಕೆಳಗೆ ಪಡಸಾಲೆಯಲ್ಲಿ, ತಂಗಿಯ ಕಂಪ್ಯೂಟರಿಗೆ. ಫ್ಲಾಪಿ ಹಿಡಿದುಕೊಂಡು ಮೆಟ್ಟಿಲು ಇಳಿಯುವುದು, ಅದು ಅಲ್ಲಿ ತೆರೆಯದಿದ್ದರೆ ಮತ್ತೆ ಹತ್ತುವುದು. ನನ್ನ ಅರ್ಧ ದಿನ ಮೆಟ್ಟಿಲ ಮೇಲೆಯೇ ಕಳೆಯುತ್ತಿತ್ತು.

ಅಪ್ಪ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿಯ ಬಣ್ಣ ನೋಡುವವ. ರಾಶಿಯಿಂದ ಒಂದು ಹಿಡಿ ಎತ್ತಿ ನೋಡಿ ಆತ ಹೇಳಿದ್ದೇ ದರ್ಜೆ. ಅಂಥವನ ಮಗ ನಾನು. ಶಾಲೆಗೆ ಸೂಟಿ ಇದ್ದಾಗ ರಾಶಿಯ ಮುಂದೆ ಕೂರಿಸಿ, ಹಸಿರು ಉಳಿದ ಕಾಯಿ ಆರಿಸಲು ಹಚ್ಚಿದರೆ ಒಳ್ಳೆಯ ಕಾಯಿಯನ್ನೇ ಎಸೆಯುತ್ತಿದ್ದೆ. "ನಿನ್ನ ಲಕ್ಷ್ಯ ಎಲ್ಲೈತಲೇ?" ಎಂದು ಬೈಯುತ್ತಿದ್ದ. ಕಪಾಳಕ್ಕೂ ಬಿದ್ದದ್ದುಂಟು. ಲಕ್ಷ್ಯ ಅಲ್ಲೇ ಇತ್ತು. ಎಲ್ಲರಿಗೂ ಕಾಣುವುದು ನನಗೇಕೆ ಕಾಣುವುದಿಲ್ಲ ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ. ಕೊನೆಗೆ ಅಪ್ಪ ನನ್ನನ್ನು ಅಂಗಡಿಗೆ ಕರೆಯುವುದನ್ನೇ ಬಿಟ್ಟ. ಒಂದು ಕೆಲಸವನ್ನಾದರೂ ಆತನ ಕಣ್ಣೆದುರು ನೆಟ್ಟಗೆ ಮಾಡಿ ತೋರಿಸಬೇಕೆಂಬ ಹಟ ಅಂದಿನಿಂದಲೂ ನನ್ನಲ್ಲಿತ್ತು.

ಎರಡೂ ಕಂಪ್ಯೂಟರ್ ಒಂದಕ್ಕೊಂದು ಜೋಡಿಸಲು ರಾಣೇಬೆನ್ನೂರಿನ ರಿಪೇರಿಯವನೊಬ್ಬ ಉದ್ದನೆಯ ಕೇಬಲ್, ತುದಿಗೆ ಹಾಕುವ ಕ್ಲಿಪ್ಪು, ಅದನ್ನು ಒತ್ತುವ ಇಕ್ಕಳ ಕೊಟ್ಟು, ಒಳಗಿನ ಎಂಟು ಎಳೆಗಳ ಬಣ್ಣವನ್ನು ಚೀಟಿಯಲ್ಲಿ ಸಾಲಾಗಿ ಬರೆದುಕೊಟ್ಟ.

"ಎರಡೂ ತುದಿಗೆ ಒಂದ ಥರಾ ಹಾಕಬ್ಯಾಡ್ರಿ. ಒಂದ ಕಡೆ ಕೇಸರಿ ಇದ್ದಲ್ಲಿ ಹಸರು, ಹಸರು ಇದ್ದಲ್ಲಿ ಕೇಸರಿ ಹಾಕ್ರಿ. ಇದರ ಬಾಯಿ ಅದರ ಕಿವಿಗೆ ಹೋಗಬೇಕ್ರಿ, ಅಂದ್ರ ಮಾತಾಡತಾವು."

ಭಾನುವಾರ ಬೆಳಿಗ್ಗೆ ಅಪ್ಪ ಮನೆಯಲ್ಲಿರುವುದನ್ನು ನೋಡಿಕೊಂಡೇ ಪಡಸಾಲೆಯಲ್ಲಿ ಚಾಪೆ ಹಾಸಿದೆ. ಎಳೆ ಬಿಚ್ಚಿದೆ, ಜೋಡಿಸಿದೆ, ಒತ್ತಿದೆ. ಕಂಪ್ಯೂಟರಿನ ಹಿಂದೆ ಹತ್ತಬೇಕಾದ ಪುಟ್ಟ ದೀಪ ಹತ್ತಲಿಲ್ಲ. ಕ್ಲಿಪ್ಪು ಕತ್ತರಿಸಿ ಮತ್ತೆ ಹಾಕಿದೆ. ಹತ್ತಲಿಲ್ಲ. ತಪ್ಪು ಕಂಪ್ಯೂಟರಿನದೋ, ಕೇಬಲಿನದೋ, ನನ್ನದೋ ಎಂದು ಗೊತ್ತಾಗದೆ ಮೇಲೆ ಕೆಳಗೆ ಓಡಾಡಿದೆ. ನಾಲ್ಕನೆಯ ಕ್ಲಿಪ್ಪೂ ಹಾಳಾದಾಗ ಸಿಟ್ಟು ನೆತ್ತಿಗೇರಿತು.

"ಈ ಕೇಬಲ್ ಮಾಡಿದವರು ಬಣ್ಣಾನ ಸರಿಯಾಗಿ ಹಾಕಿಲ್ಲ," ಎಂದೆ.

ಚಹಾ ಕುಡಿಯುತ್ತಿದ್ದ ಅಪ್ಪ ಬಸಿಯಿಂದ ಮುಖ ಎತ್ತದೆ, "ಕುಣಿಯಾಕ ಬರದಾಕಿ ನೆಲ ಡೊಂಕ ಅಂದಳಂತ," ಎಂದ.

ತಂಗಿ ಬಂದು ಕೇಬಲಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಅಣ್ಣಾ, ಹಸರು ಇರಬೇಕಾದಲ್ಲಿ ಕಂದು ಹಾಕೀದಿ. ಚ್ಯಾಷ್ಟಿ ಮಾಡಾಕತ್ತೀಯೇನು?" ಎಂದಳು. ಉಳಿದ ಎಳೆಗಳಲ್ಲಿ ಒಂದನ್ನು ಎತ್ತಿ, "ಇದ್ಯಾವ ಬಣ್ಣ?" ಎಂದು ಕೇಳಿದಳು.

"ಹಸರು."

"ಇದು?"

"ಅದೂ ಹಸರು. ಇಲ್ಲ, ತಡಿ, ಕೇಸರಿ ಇರಬೇಕು."

ಅವಳು ನಕ್ಕಳು, ಆಮೇಲೆ ನಗುವುದನ್ನು ನಿಲ್ಲಿಸಿದಳು. ಲಗ್ನಪತ್ರಿಕೆಯ ಬಣ್ಣ ಆರಿಸಲು ನಾನು ಯಾವಾಗಲೂ ಅವಳನ್ನೇ ಕರೆಯುತ್ತಿದ್ದೆ. ಬಣ್ಣದ ವಿಷಯ ಹೆಣ್ಣುಮಕ್ಕಳಿಗೇ ಚೆನ್ನಾಗಿ ತಿಳಿಯುತ್ತದೆ ಎಂದುಕೊಂಡಿದ್ದೆ.

ಅಪ್ಪ ಬಸಿ ಕೆಳಗಿಟ್ಟ. ಒಳಗೆ ಹೋಗಿ, ಮಾದರಿಗೆಂದು ಅಂಗಡಿಯಿಂದ ತಂದ ಗಂಟು ಬಿಚ್ಚಿ, ಎರಡು ಕಾಯಿ ಅಂಗೈಯಲ್ಲಿ ಇಟ್ಟುಕೊಂಡು ಬಂದ.

"ಹಸರ ಉಳದದ್ದು ಯಾವುದು?"

ಎರಡನ್ನೂ ಬೆಳಕಿಗೆ ಹಿಡಿದೆ. ಬೇಕಾದಷ್ಟು ಹೊತ್ತು ನೋಡಿದೆ. ಚಿಕ್ಕಂದಿನ ಹಾಗೆ ಊಹೆ ಮಾಡಲಿಲ್ಲ.

"ಎರಡೂ ಒಂದ ಥರಾ ಅದಾವಲ್ಲ, ಅಪ್ಪಾ."

ಅಪ್ಪ ಕಾಯಿಗಳನ್ನು ನೋಡಿದ, ನನ್ನನ್ನು ನೋಡಿದ, ಮತ್ತೆ ಕಾಯಿಗಳನ್ನು ನೋಡಿದ. ಕೆಲವು ದಿನಗಳ ಮೇಲೆ ಹಾವೇರಿಯ ಕಣ್ಣಿನ ಡಾಕ್ಟರು, ಇದು ಹುಟ್ಟಿನಿಂದಲೇ ಬಂದದ್ದು, ಕೆಂಪು ಹಸಿರು ಬೇರೆ ಬೇರೆ ಕಾಣುವುದಿಲ್ಲ ಎಂದು ಹೇಳಿದರು. ಆ ಬೆಳಿಗ್ಗೆ ನಮಗೆ ತಿಳಿದದ್ದು ತಪ್ಪು ನನ್ನ ಕಣ್ಣಿನದು ಎಂಬುದಷ್ಟೇ. ನಾನು ದಡ್ಡನಲ್ಲವೆಂದು ಸಮಾಧಾನವಾಯಿತೋ, ಇಷ್ಟು ವರ್ಷ ಸುಮ್ಮನೆ ಬೈಸಿಕೊಂಡೆನಲ್ಲ ಎಂದು ಸಿಟ್ಟು ಬಂತೋ, ನನಗೇ ತಿಳಿಯಲಿಲ್ಲ. ಎರಡೂ ಕೂಡಿಯೇ ಬಂದಿರಬೇಕು.

ಅವತ್ತು ಮಧ್ಯಾಹ್ನದ ಹೊತ್ತಿಗೆ ದೀಪ ಹತ್ತಿತು. ಮಾಳಿಗೆಯ ಮೇಲಿನ ಪತ್ರಿಕೆ ಕೆಳಗೆ ಅಚ್ಚಾಗಿ ಬಂತು, ತಂಗಿ ಅದನ್ನು ಅವ್ವನಿಗೆ ತೋರಿಸಲು ಓಡಿದಳು. ಆದರೆ ನನಗೆ ನೆನಪಿರುವುದು ಅದಕ್ಕಿಂತ ಮುಂಚಿನ ಗಳಿಗೆ. ಅಪ್ಪ ಚಾಳೀಸು ಹಾಕಿಕೊಂಡು ಚಾಪೆಯ ಮೇಲೆ ನನ್ನೆದುರು ಕುಳಿತ. ಕಂಪ್ಯೂಟರಿನ ಗಂಧಗಾಳಿಯೂ ಇಲ್ಲದ ಆತ ಚೀಟಿ ನೋಡಿ, ಎಳೆಗಳನ್ನು ಒಂದೊಂದಾಗಿ ಬಿಡಿಸಿ, ಬಣ್ಣ ಹೇಳಿ ನನ್ನ ಬೆರಳಿಗೆ ಕೊಡತೊಡಗಿದ.

"ಇದು ಕೇಸರಿ," ಎಂದ. ಎಳೆಯನ್ನು ನನ್ನ ಕೈಗಿಟ್ಟು, "ಬಣ್ಣದ ಸಲುವಾಗಿ ನಿನ್ನ ಎರಡ ಸಲ ಹೊಡದೇನಿ," ಎಂದ.

"ಮೂರು ಸಲ, ಅಪ್ಪಾ."

ಆತನ ಬೆರಳು ನಿಂತವು. ನಾನು ಹೇಳಬಾರದಿತ್ತೇನೋ.

"ಹೂಂ, ಮೂರು," ಎಂದು ಅಪ್ಪ ಮುಂದಿನ ಎಳೆ ಕೊಟ್ಟ. "ಇದು ಹಸರು. ಹಿಡಕೋ."