ಪೆಡಲಿನ ಸುಳ್ಳು ಹಿಡಿಯುವ ಎನಿಡ್

ಬೆಳಗಿನ ಆರು ಗಂಟೆ. ಕವೆಂಟ್ರಿಯ ರೈಲು ಹಳಿ ಪಕ್ಕದ ತಗಡಿನ ಶೆಡ್ಡಿನಲ್ಲಿ, ಎಪ್ಪತ್ತೊಂದರ ಎನಿಡ್ ಟ್ರಾಂಟರ್ 1926ರ ಕಾರೊಂದರ ಕೆಳಗೆ ಅಂಗಾತ ಮಲಗಿದ್ದಾರೆ. ಹೊರಗೆ ಕಾಣುವುದು ಎರಡು ಬೂಟು ಮಾತ್ರ. ಪಕ್ಕದಲ್ಲಿ ಟೀ ಆರುತ್ತಿದೆ.

ಕಾರು ವಿಲ್ಫ್ ಗ್ಯಾರಟ್ ಅವರದು, ಅವರಪ್ಪ ಕೊಂಡದ್ದು. ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿದ ವಿಲ್ಫ್‌ಗೆ ಹೋದ ವರ್ಷ ಪಾರ್ಶ್ವವಾಯು ಬಡಿದು ಎಡಗಾಲು ಸೊರಗಿತು. ಚೇತರಿಸಿಕೊಂಡು ಕಾರು ಹತ್ತಿದರೆ, ಕ್ಲಚ್ ಎಷ್ಟು ಒತ್ತಿದರೂ ಗೇರು ಕರಕರ ಅನ್ನುತ್ತದೆ. "ಕಾಲು ಹೋಯ್ತು ಮಾವ, ಒಪ್ಕೊಳ್ಳಿ" ಎಂದ ಅಳಿಯ ಕಾರಿಗೆ ಗಿರಾಕಿಯನ್ನೂ ಹುಡುಕಿದ್ದಾನೆ. ಆ ಗಿರಾಕಿ ಇವತ್ತು ಹತ್ತು ಗಂಟೆಗೆ ಬರುತ್ತಾನಂತೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾವೆಲ್ಲ ನಗುತ್ತೇವೆ. ಎನಿಡ್ ಮಾತ್ರ ಮೊದಲು ನೆಲವನ್ನೇ ಅಳೆಯುತ್ತಾರೆ. ಪೆಡಲಿನ ಒತ್ತನ್ನು ಕ್ಲಚ್ಚಿಗೆ ಮುಟ್ಟಿಸುವುದು ನಡುವಿನ ಪಿನ್ನು, ಶಾಫ್ಟುಗಳು. ಅವುಗಳ ಕ್ಲಚ್ಚಿನ ಕಡೆಯ ತುದಿಯನ್ನು ಅಲ್ಲಾಡದಂತೆ ಬಿಗಿದು, ಪೆಡಲಿಗೆ ತಂತಿ ಕಟ್ಟಿ ತೂಕದ ಬಟ್ಟುಗಳನ್ನು ಒಂದೊಂದಾಗಿ ತೂಗುಬಿಡುತ್ತಾರೆ. ಆ ತುದಿ ಕದಲದೆ ಪೆಡಲು ಎಷ್ಟು ಇಳಿಯಿತೋ, ಅಷ್ಟೂ ನಡುದಾರಿಯಲ್ಲಿ ಸೋರಿಹೋದ ಒತ್ತು.

"ಕಾರು ಮಾಡೋ ಕಾರ್ಖಾನೆಗೆ ಸೇರ್ದಾಗ ನಂಗೆ ಹದಿನೇಳು. ಪೆಡಲು ಬಾಗತ್ತೆ ಅಂದೆ. 'ಹುಡುಗಿ, ನಿನ್ ಕಾಲಲ್ಲಿ ಕಸುವಿಲ್ಲ' ಅಂದ ಮೇಸ್ತ್ರಿ. ಎಲ್ರೂ ಗೊಳ್ಳಂತ ನಕ್ರು. ಮಾರನೇ ದಿನ ಕಾಲು ಇಡ್ಲೇ ಇಲ್ಲ, ತೂಕ ಕಟ್ಟಿ ತೋರಿಸ್ದೆ. ಕಬ್ಬಿಣಕ್ಕೂ ಕಸುವಿಲ್ವಾ ಅಂತ ಕೇಳ್ದೆ."

ಆ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ಚಳಿಗೆ ಎನಿಡ್ ಬೆರಳ ಗೆಣ್ಣುಗಳು ಸೊಟ್ಟಗಾಗಿವೆ. ಈ ಶೆಡ್ಡಿನಲ್ಲಿ ಅವರು ಅಳೆದ ಪೆಡಲುಗಳು ನಾನೂರು ದಾಟಿವೆ.

ವಿಲ್ಫ್ ಕಾರಿನ ಪಕ್ಕದಲ್ಲೇ ಕಾಯುತ್ತಿದ್ದಾರೆ. ಏಳಕ್ಕೆ ಕೆಳಗಿನಿಂದ ಎನಿಡ್ ದನಿ ಬರುತ್ತದೆ. "ವಿಲ್ಫ್, ಪೆಡಲು ಇಳಿಯೋದು ಆರು ಅಂಗುಲ. ಸವೆದ ಪಿನ್ನುಗಳಲ್ಲಿ ಎರಡು ಹೋಯ್ತು, ಶಾಫ್ಟು ತಿರುಚ್ಕೊಂಡು ಒಂದೂವರೆ. ನೀನು ಒತ್ತಿದ್ರಲ್ಲಿ ಅರ್ಧಾನೂ ಕ್ಲಚ್ಚಿಗೆ ಮುಟ್ಟಿಲ್ಲ ಕಣಯ್ಯ!"

"ಹಾಗಾದ್ರೆ... ನನ್ ಕಾಲು?"

"ಅದಕ್ಕೇನು ಧಾಡಿ? ಆರಕ್ಕಾರೂ ಒತ್ತಿದೆ."

ವಿಲ್ಫ್ ಟೋಪಿ ತೆಗೆದು ಮುಖ ಮುಚ್ಚಿಕೊಳ್ಳುತ್ತಾರೆ.

ಒಂಬತ್ತೂವರೆಗೆ ಹೊಸ ಪಿನ್ನು ಕೂತು, ಶಾಫ್ಟಿಗೊಂದು ಆಸರೆ ಸಿಕ್ಕಿದೆ. "ಅರ್ಧ ಅಂಗುಲ ಸಡಿಲ ಬೇಕಂತ್ಲೇ ಬಿಟ್ಟಿದೀನಿ. ಜಾಣತನ ಮಾಡಿ ಅದನ್ನೂ ಬಿಗಿ ಮಾಡ್ಬೇಡ, ಕ್ಲಚ್ಚು ಸುಟ್ಟೋಗತ್ತೆ."

ವಿಲ್ಫ್ ಎಡಗಾಲು ಒತ್ತುತ್ತಾರೆ. ಗೇರು ಸದ್ದಿಲ್ಲದೆ ಬೀಳುತ್ತದೆ. ಕಾರು ಗೇಟು ದಾಟಿ ರಸ್ತೆಗಿಳಿಯುತ್ತದೆ. ಹತ್ತಕ್ಕೆ ಬಂದ ಗಿರಾಕಿಗೆ ಸಿಗುವುದು ಟೀ ಮಾತ್ರ.

ಇಂಥವರು ನಮ್ಮೂರಲ್ಲಿರುವುದು ನಮ್ಮ ಪುಣ್ಯ. ನಿಮಗೇನು ಆಸೆ ಎಂದು ಕೇಳಿದರೆ, ಎನಿಡ್ ಬಟ್ಟುಗಳನ್ನು ಒರೆಸುತ್ತಾ ಹೇಳುತ್ತಾರೆ:

"ಯಾರ ಕಾಲನ್ನಾದ್ರೂ ಬೈಯೋ ಮುಂಚೆ ಒಂದ್ಸಲ ತೂಕ ಕಟ್ಟಿ ನೋಡ್ಲಿ. ಅಷ್ಟೇ."