ಹಾಸಿಗೆಯ ಮೇಲೆ ಕೆಂಪು ಗೀಟು

ಅವನು ಹತ್ತಿ ಹಾಸಿಗೆ ಮಾಡುವವನು. ಬೀದಿಗೆ ತೆರೆದ ಕೋಣೆಯೇ ಅಂಗಡಿ, ಅದರ ಹಿಂದಿನ ಎರಡು ಕೋಣೆಗಳೇ ಮನೆ. ಹತ್ತಿ ಹಿಂಜುವ ಮಿಷನ್ನು ಶುರುವಾದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳುತ್ತಿರಲಿಲ್ಲ. ಎಳೆಗಳು ಹಾರಿ ಅಡುಗೆಮನೆಯ ಡಬ್ಬಿಗಳ ಮೇಲೂ ಕೂರುತ್ತಿದ್ದವು. ಗಿರಾಕಿಗಳು ಅವನನ್ನು 'ಬಿಳಿ ಹುಬ್ಬು' ಎಂದೇ ಕರೆಯುತ್ತಿದ್ದರು. ಅಂಚು ಹೊಲಿಯುವುದು ಹೆಂಡತಿಯ ಕೆಲಸ. "ಅವಳ ಹೊಲಿಗೆ ಬಿಚ್ಚೋಕೆ ಕತ್ತರಿಯೇ ಬೇಕು ಸಾರ್" ಎಂದು ಅವನು ಬೀಗುತ್ತಿದ್ದ.

ಆಕೆಗೆ ಕೆಮ್ಮು ಶುರುವಾದಾಗ, ಹವಾ ಬದಲಾಗಿದೆ ಎಂದ. ಎದೆಯಲ್ಲಿ ಸಿಳ್ಳೆಯಂಥ ಸದ್ದು ಬಂದಾಗ, "ಏನೇ, ಒಳಗೆ ಯಾರನ್ನ ಕೂರಿಸ್ಕೊಂಡಿದೀಯ, ಹಾಡ್ತಾ ಇದಾರೆ?" ಎಂದು ತಮಾಷೆ ಮಾಡಿದ. ಆಕೆಯೂ ನಕ್ಕಳು. ನಕ್ಕಿದ್ದಕ್ಕೆ ಮತ್ತೆ ಕೆಮ್ಮಿದಳು.

ಆಸ್ಪತ್ರೆಯಲ್ಲಿ ಅಸ್ತಮಾ ಎಂದರು. ಔಷಧಿಯ ಪಂಪು ತರಲು ಹೋದ ಅವನ ಕೈಗೆ ನರ್ಸು ಒಂದು ತೆಳು ಪುಸ್ತಕವನ್ನೂ ಕೊಟ್ಟಳು. "ದೊಡ್ಡ ಅಕ್ಷರ, ಚಿತ್ರಗಳೂ ಇವೆ. ಮನೆಯವರಿಗೆ ಓದಿ ಹೇಳಿ."

ಅಂಗಡಿಯಲ್ಲಿ ಕೂತು ಓದಿದ. 'ಹತ್ತಿಯ ಧೂಳಿನಿಂದ ಉಸಿರು ಕಟ್ಟಬಹುದು. ಧೂಳಿನ ಕೆಲಸ ಮನೆಯೊಳಗೆ ಬೇಡ.' ಪಕ್ಕದಲ್ಲಿ ಹಾಸಿಗೆಯ ಚಿತ್ರ, ಅದರ ಮೇಲೆ ಕೆಂಪು ಗೀಟು. ಅರ್ಥವಾಗಲಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳಲೂ ಆಗದಷ್ಟು ಸುಲಭವಾಗಿ ಬರೆದಿದ್ದರು.

"ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ಪುಸ್ತಕ ಬೇರೆ ಮಾಡಿದಾರೆ" ಎಂದು ಗೊಣಗಿದ. ತುಂಬುತ್ತಿದ್ದ ಹಾಸಿಗೆಯೊಳಗೇ ಅದನ್ನು ತುರುಕಿ ಹೊಲಿದುಬಿಟ್ಟ. ಹೆಂಡತಿಗೆ ಪಂಪು ಕೊಟ್ಟ, ಪುಸ್ತಕದ ಮಾತೆತ್ತಲಿಲ್ಲ.

ಒಂದು ಮಧ್ಯಾಹ್ನ ಮಿಷನ್ನು ಓಡುತ್ತಿದ್ದಾಗ ಆಕೆ ಉಸಿರು ಕಟ್ಟಿ ಅಡುಗೆಮನೆಯಲ್ಲಿ ಕುಸಿದಳು. ತಟ್ಟೆ ಬಡಿದು ಕರೆದಳಂತೆ, ಅವನಿಗೆ ಕೇಳಿಸಲಿಲ್ಲ. ತಾಯಿಯನ್ನು ನೋಡಿ ಹೋಗಲು ಬಂದ ಮಗಳೇ ಗಾಡಿ ಹಿಡಿದು ಆಸ್ಪತ್ರೆಗೆ ಸೇರಿಸಿದಳು.

ಅಲ್ಲಿ ನರ್ಸು ಮಗಳನ್ನು ಗದರಿದಳು: "ಹತ್ತಿಯಿಂದ ದೂರ ಇಡಿ ಅಂತ ಪುಸ್ತಕದಲ್ಲೇ ಇತ್ತಲ್ಲ. ನಿಮ್ಮ ತಂದೆ ಓದಿ ಹೇಳಲಿಲ್ವಾ?"

ಮಂಚದ ಮೇಲಿದ್ದ ತಾಯಿ ಅದನ್ನು ಕೇಳಿಸಿಕೊಂಡಳು. ಆಸ್ಪತ್ರೆಯಿಂದ ನೇರ ಮಗಳ ಮನೆಗೆ ಹೋದಳು.

ಅವನು ಮಿಷನ್ನು ಮಾರಿದ. ಗೋಡೆ ತೊಳೆದ, ಮೂಲೆ ಮೂಲೆ ಒರೆಸಿದ, ಆಮೇಲೆ ಹೆಂಡತಿಯನ್ನು ಕರೆತರಲು ಹೋದ. ಆಕೆಯ ಕೆನ್ನೆ ತುಂಬಿಕೊಂಡಿತ್ತು.

"ಬಾ, ಮನೇಲಿ ಈಗ ಒಂದು ಎಳೆ ಹತ್ತಿಯೂ ಇಲ್ಲ."

"ಕೆಲಸ ಬಿಡೋಕಾಗಲ್ಲ ಅಂದಿದ್ರೆ ಒಪ್ಕೋತಿದ್ದೆ ಕಣ್ರೀ. ಇಬ್ರೂ ಸೇರಿ ಏನೋ ದಾರಿ ಹುಡುಕ್ತಿದ್ವಿ. ಎಲ್ಲ ತಿಳ್ಕೊಂಡೂ ಸುಮ್ಮನಿದ್ರಲ್ಲ."

"ಹೆದರಿಕೆ ಆಯ್ತು ಕಣೇ."

"ನೆಲದ ಮೇಲೆ ಬಿದ್ದಿದ್ದಾಗ ನನಗೂ ಆಗಿತ್ತು."

ಮಗಳು ಟೀ ಕೊಟ್ಟಳು. ಕುಡಿದು ಎದ್ದ. ಯಾರೂ ಇರಿ ಎನ್ನಲಿಲ್ಲ.

ಈಗ ಅವನು ಒಂದು ದೊಡ್ಡ ಅಂಗಡಿಯಲ್ಲಿ ಸ್ಪಂಜಿನ ಹಾಸಿಗೆಗಳನ್ನು ಲಾರಿಗೆ ಏರಿಸುತ್ತಾನೆ. ಆಗಾಗ ಹೆಂಡತಿಗೆ ಫೋನು ಮಾಡುತ್ತಾನೆ. "ಊಟ ಆಯ್ತಾ?" ಎಂದು ಇಬ್ಬರೂ ಕೇಳುತ್ತಾರೆ. ಯಾವಾಗ ಬರ್ತೀಯ ಎಂದು ಕೇಳುವುದನ್ನು ಅವನು ಬಿಟ್ಟಿದ್ದಾನೆ.